ತುಂಬಿದ ಪುಟ, ಖಾಲಿ ಪುಟ

ಮನೆಯಲ್ಲಿ ಹಿರಿಯರು ಪಂಚಾಂಗ ನೋಡುವುದನ್ನು ನೀವು ಗಮನಿಸಿರಬಹುದು. ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಲ್ಲ ಸಣ್ಣ ಅಕ್ಷರಗಳಲ್ಲಿ, ಸಾಲು ಸಾಲು ಅಂಕಿಗಳೊಡನೆ ಒಂದೇ ಪುಟದಲ್ಲಿ ಕಿಕ್ಕಿರಿದಿರುತ್ತವೆ. ಹೊಸಬರ ಕಣ್ಣಿಗೆ ಅದೊಂದು ಇರುವೆಗಳ ಸಾಲು. ಬಳಸಿ ಪಳಗಿದವರ ಬೆರಳಾದರೋ ಕ್ಷಣಾರ್ಧದಲ್ಲಿ ಬೇಕಾದ ಮನೆಯ ಮೇಲೆ ಹೋಗಿ ನಿಲ್ಲುತ್ತದೆ. ಆ ಒಂದು ಪುಟವನ್ನು ದೊಡ್ಡ ಅಕ್ಷರ, ಬಣ್ಣದ ಚಿತ್ರ, ಧಾರಾಳವಾದ ಖಾಲಿ ಜಾಗಗಳೊಡನೆ ಹತ್ತು ಪುಟಗಳಿಗೆ ಹರಡಿ ಕೊಟ್ಟರೆ ಅವರು ಮೆಚ್ಚುವರೆ? "ಹಳೆಯದೇ ಇರಲಿ" ಎಂದು ಬದಿಗಿಟ್ಟಾರು.

ಇಂಥದೇ ಮಾತು ಕಳೆದ ಎರಡು ದಶಕಗಳಲ್ಲಿ ಜಗತ್ತಿನ ಹಲವೆಡೆ ಅಸಂಖ್ಯ ಜನರಿಂದ ಕೇಳಿಬಂದಿದೆ. ಅವರು ಹೇಳಿದ್ದು ಪಂಚಾಂಗದ ಬಗ್ಗೆ ಅಲ್ಲ, ಕಂಪ್ಯೂಟರ್ ಪರದೆಯ ಮೇಲಿನ ಜಾಲಪುಟಗಳ ಬಗ್ಗೆ. ದಿನವೂ ಬಳಸುತ್ತಿದ್ದ ಒಂದು ತಾಣ ಒಂದು ಬೆಳಗ್ಗೆ ಹೊಸ ವೇಷದಲ್ಲಿ ಎದುರಾಗುತ್ತದೆ. ಅಕ್ಷರ ದೊಡ್ಡದಾಗಿದೆ, ಚಿತ್ರಗಳು ಹೆಚ್ಚಿವೆ, ಸುತ್ತಲೂ ಬಿಳಿಯ ಜಾಗ ಬಂದಿದೆ. ನೋಡಲು ಸೊಗಸು. ಆದರೂ ಬಳಕೆದಾರರು ಹಳೆಯ ಪುಟವನ್ನೇ ಮರಳಿ ಕೊಡಿ ಎನ್ನುತ್ತಾರೆ. ಇದು ಹಳೆಯದರ ಮೇಲಿನ ಬರಿಯ ಮೋಹವೆ? ಅಥವಾ ಈ ಬೇಡಿಕೆಯ ಹಿಂದೆ ನ್ಯಾಯವಾದ ಕಾರಣವೇನಾದರೂ ಉಂಟೆ? ಈ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರ ಹುಡುಕೋಣ.

ಪರದೆಗೆ ಮೊದಲು: ಎರಡು ನಕ್ಷೆಗಳು

ವಿವರಗಳನ್ನು ಕಡಿಮೆ ಮಾಡಿದರೆ ಜನ ಯಾವಾಗಲೂ ಮುನಿಯುತ್ತಾರೆ ಎಂದೇನಿಲ್ಲ. ಲಂಡನ್ನಿನ ನೆಲದಡಿಯ ರೈಲಿನ ನಕ್ಷೆ ಇದಕ್ಕೆ ಪ್ರಸಿದ್ಧ ನಿದರ್ಶನ. ಹ್ಯಾರಿ ಬೆಕ್ ಎಂಬ ನಕ್ಷೆಗಾರ 1931ರಲ್ಲಿ ಊರಿನ ಬೀದಿಗಳನ್ನೂ ನಿಜವಾದ ದೂರಗಳನ್ನೂ ಕೈಬಿಟ್ಟು, ರೈಲು ಮಾರ್ಗಗಳನ್ನು ನೇರ ಗೆರೆಗಳಾಗಿ ಬರೆದು ತೋರಿಸಿದ. ನೆಲದ ಮೇಲಿನ ಗುರುತಾಗಿ ಉಳಿದದ್ದು ಥೇಮ್ಸ್ ನದಿ ಮಾತ್ರ. ಅಧಿಕಾರಿಗಳು ಮೊದಲು ಒಪ್ಪಲಿಲ್ಲ. 1933ರ ಜನವರಿಯಲ್ಲಿ ಅದು ಅಚ್ಚಾಗಿ ಹೊರಬಂದಾಗ ಜನ ಕೂಡಲೇ ಮೆಚ್ಚಿಕೊಂಡರು. ನೆಲದಡಿ ಸಾಗುವವನಿಗೆ ಬೇಕಾದದ್ದು ಎರಡೇ ಸಂಗತಿ: ಯಾವ ಗಾಡಿ ಹಿಡಿಯಬೇಕು, ಎಲ್ಲಿ ಬದಲಿಸಬೇಕು. ಬೆಕ್ ಆ ಎರಡನ್ನೂ ಉಳಿಸಿದ್ದ.

ಸುಮಾರು ನಲವತ್ತು ವರ್ಷಗಳ ಅನಂತರ, 1972ರಲ್ಲಿ, ಇದೇ ದಾರಿಯಲ್ಲಿ ನಡೆದ ಇನ್ನೊಂದು ನಕ್ಷೆ ನ್ಯೂಯಾರ್ಕ್ ನಗರಕ್ಕೆ ಬಂದಿತು. ಅದರ ವಿನ್ಯಾಸಕಾರ ಹೆಸರಾಂತ ಮಾಸಿಮೊ ವಿನ್ಯೆಲ್ಲಿ. ಬಣ್ಣಬಣ್ಣದ ಗೆರೆಗಳ ಆ ನಕ್ಷೆಯನ್ನು ಕಲಾಪ್ರಿಯರು ಕೊಂಡಾಡಿದರು. ಪ್ರಯಾಣಿಕರಿಗೆ ಅದು ಹಿಡಿಸಲಿಲ್ಲ. ಸುಮಾರು 4 ಕಿಲೋಮೀಟರ್ ಉದ್ದ, 800 ಮೀಟರ್ ಅಗಲದ ಸೆಂಟ್ರಲ್ ಪಾರ್ಕ್ ಆ ನಕ್ಷೆಯಲ್ಲಿ ಹೆಚ್ಚುಕಡಿಮೆ ಚೌಕವಾಗಿತ್ತು. ಅದರ ಬಣ್ಣ ಹಸಿರಲ್ಲ, ಬೂದು. ನಿಲ್ದಾಣದಿಂದ ಮೇಲೇರಿ ಬೀದಿಗೆ ಬಂದವನಿಗೆ ದಿಕ್ಕು ತಿಳಿಯದಂತಾಗುತ್ತಿತ್ತು. 1979ರಲ್ಲಿ ಬೀದಿ, ಉದ್ಯಾನ, ನೀರು ಎಲ್ಲವೂ ಕಾಣುವ, ಹೆಚ್ಚು ವಿವರಗಳಿಂದ ತುಂಬಿದ ನಕ್ಷೆ ಅದರ ಸ್ಥಾನಕ್ಕೆ ಬಂದು ದಶಕಗಳ ಕಾಲ ಉಳಿಯಿತು. 2025ರಲ್ಲಿ ಅಲ್ಲಿನ ಸಾರಿಗೆ ಸಂಸ್ಥೆ ಮತ್ತೆ ವಿನ್ಯೆಲ್ಲಿಯ ಶೈಲಿಗೆ ಹತ್ತಿರವಾದ ನಕ್ಷೆಯನ್ನು ಹೊರತಂದಿತು ಎಂಬುದೂ ಇಲ್ಲಿ ಗಮನಾರ್ಹ. ಅಭಿರುಚಿಗಳು ಹೀಗೆ ತಿರುಗಿ ತಿರುಗಿ ಬರುತ್ತವೆ.

ಈ ಎರಡು ನಕ್ಷೆಗಳಿಂದ ಒಂದು ಸೂತ್ರ ದೊರೆಯುತ್ತದೆ. ಎಷ್ಟನ್ನು ತೆಗೆದರು ಎಂಬುದಕ್ಕಿಂತ ಏನನ್ನು ತೆಗೆದರು, ಅದು ಯಾರಿಗೆ ಬೇಕಾಗಿತ್ತು ಎಂಬುದೇ ಮುಖ್ಯ. ಜಾಲಪುಟಗಳ ಕಥೆಗೂ ಇದು ಅನ್ವಯಿಸುತ್ತದೆ.

ಪುಟ ತುಂಬಿದ್ದ ಕಾಲ

ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಮುಂದಿಟ್ಟರು. 1991ರಲ್ಲಿ ಮೊದಲ ಜಾಲತಾಣ ಸಾರ್ವಜನಿಕರಿಗೆ ತೆರೆಯಿತು. ವಿಜ್ಞಾನಿಗಳು ತಮ್ಮ ಮಾಹಿತಿಯನ್ನು ಹಂಚಿಕೊಳ್ಳಲೆಂದು ಹುಟ್ಟಿದ ಆ ಪುಟದಲ್ಲಿ ಇದ್ದದ್ದು ಅಕ್ಷರಗಳು ಮತ್ತು ಕೊಂಡಿಗಳು, ಅಷ್ಟೆ. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಜ್ಞಾನವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಅದೇ ವರ್ಷ ಬಂದ ಮೊಸಾಯಿಕ್ ಎಂಬ ಬ್ರೌಸರ್ ಅಕ್ಷರಗಳ ನಡುವೆಯೇ ಚಿತ್ರಗಳನ್ನು ತೋರಿಸತೊಡಗಿತು.

ಚಿತ್ರ ತೋರಿಸುವುದು ಸಾಧ್ಯವಾಯಿತಾದರೂ ಅದು ಬಂದು ಸೇರುವವರೆಗೆ ಕಾಯಬೇಕಾಗಿತ್ತು. ಆಗಿನ ಟೆಲಿಫೋನ್ ಮೋಡೆಮ್‌ಗಳಲ್ಲಿ ಉತ್ತಮವಾದದ್ದು ಸೆಕೆಂಡಿಗೆ 28,800 ಬಿಟ್‌ಗಳನ್ನು ಸಾಗಿಸುತ್ತಿತ್ತು. ಲೆಕ್ಕ ಹಾಕಿ ನೋಡಿ: ಎಂಟು ಬಿಟ್‌ಗಳಿಗೆ ಒಂದು ಇಂಗ್ಲಿಷ್ ಅಕ್ಷರವೆಂದರೆ ಸೆಕೆಂಡಿಗೆ 3,600 ಅಕ್ಷರಗಳಾದವು. ಅಚ್ಚಿನ ಒಂದು ಪುಟದಷ್ಟು ಬರಹ ಒಂದು ಸೆಕೆಂಡಿನೊಳಗೆ ಬಂದರೆ, 100 ಕಿಲೋಬೈಟ್‌ನ ಒಂದು ಚಿತ್ರಕ್ಕೆ ಹತ್ತಿರ ಹತ್ತಿರ ಅರ್ಧ ನಿಮಿಷ ಬೇಕಾಗುತ್ತಿತ್ತು. ಫೋನಿನ ಬಿಲ್ಲಿನ ಚಿಂತೆ ಬೇರೆ. ಭಾರತದಲ್ಲಿ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರಜಾಲ ಸೇವೆ ಆರಂಭಿಸಿದಾಗ ವಿದ್ಯಾರ್ಥಿಗಳಿಗೆ ಸಿಕ್ಕ ಅಗ್ಗದ ಖಾತೆಗಳಲ್ಲಿ ಬರಹ ಮಾತ್ರ ಕಾಣುತ್ತಿತ್ತು, ಚಿತ್ರಗಳಿರಲಿಲ್ಲ.

ಹೀಗಾಗಿ ಒಂದು ಪುಟವನ್ನು ತರಿಸಿಕೊಂಡ ಮೇಲೆ ಅದರಲ್ಲಿ ಸಾಧ್ಯವಾದಷ್ಟೂ ವಿಷಯ ಇರಬೇಕೆಂಬುದು ಸಹಜ ನಿಯಮವಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೊ 1994ರಲ್ಲಿ ಆರಂಭಿಸಿದ ಯಾಹೂ ಹೀಗೆಯೇ ವಿಷಯವಾರು ಕೊಂಡಿಗಳ ಒಂದು ದಟ್ಟ ಪಟ್ಟಿಯಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಕ್ರೇಗ್ ನ್ಯೂಮಾರ್ಕ್ 1995ರಲ್ಲಿ ಮೊದಲಿಟ್ಟ ಕ್ರೇಗ್ಸ್‌ಲಿಸ್ಟ್ ಬಾಡಿಗೆ ಮನೆ, ಕೆಲಸ, ಹಳೆಯ ಸಾಮಾನುಗಳ ಸಣ್ಣ ಜಾಹೀರಾತುಗಳ ತಾಣ. ಬೂದು ಬಿಳುಪು ಹಿನ್ನೆಲೆ, ನೀಲಿ ಕೊಂಡಿಗಳ ಸಾಲುಗಳು: ಅದರ ಆ ಮುಖ ದಶಕಗಳು ಕಳೆದರೂ ಹೆಚ್ಚು ಬದಲಾಗಿಲ್ಲ.

ಪುಟ ಖಾಲಿಯಾದದ್ದು ಹೇಗೆ?

ಕ್ರಮೇಣ ಜಾಲದ ವೇಗ ಹೆಚ್ಚಿತು, ಪರದೆಗಳು ದೊಡ್ಡವಾದವು. ಪುಟಗಳಲ್ಲಿ ಇನ್ನಷ್ಟು ವಿಷಯ ತುಂಬಬಹುದಾಗಿತ್ತು. ಆದದ್ದು ಬೇರೆಯೇ. 2007ರಲ್ಲಿ ಐಫೋನ್ ಬಂದಿತು. ಬ್ರೌಸರ್ ಅಂಗೈಯಗಲದ ಗಾಜಿಗೆ ಇಳಿಯಿತು. ಇಲಿಯ ಮೊನೆ ಮುಟ್ಟುವ ಸಣ್ಣ ಕೊಂಡಿಯನ್ನು ಬೆರಳು ಮುಟ್ಟಲಾರದು. ಆದ್ದರಿಂದ ಗುಂಡಿಗಳು ದೊಡ್ಡವಾಗಬೇಕು, ನಡುವೆ ಅಂತರವಿರಬೇಕು. 2010ರಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರರು ಪರದೆಯ ಅಳತೆಗೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಪುಟದ ವಿಧಾನವನ್ನು ವಿವರಿಸಿದರು. ಒಂದೇ ಪುಟ ಫೋನಿಗೂ ಮೇಜಿನ ಕಂಪ್ಯೂಟರಿಗೂ ಒದಗುವುದೆಂದರೆ ಎರಡೆರಡು ಬಾರಿ ಪುಟ ಕಟ್ಟುವ ಶ್ರಮ ತಪ್ಪಿತು.

ವಿಧಾನ ಒಳ್ಳೆಯದೇ. ಆದರೆ ಆಚರಣೆಯಲ್ಲಿ ಅನೇಕರು ಫೋನಿಗಾಗಿ ರಚಿಸಿದ ಪುಟವನ್ನೇ ದೊಡ್ಡ ಪರದೆಗೂ ಹಿಗ್ಗಿಸಿದರು. ಅಂಗೈಯಲ್ಲಿ ಹಿತವಾಗಿದ್ದ ಅಂತರ ಮೇಜಿನ ಮೇಲೆ ಬಯಲಾಯಿತು. ಹತ್ತಾರು ಕೊಂಡಿಗಳು ಮೂರು ಗೆರೆಗಳ ಒಂದು ಪುಟ್ಟ ಗುರುತಿನ ಹಿಂದೆ ಅಡಗಿದವು. ಜಾಹೀರಾತಿನ ಆದಾಯವನ್ನು ನಂಬಿದ ತಾಣಗಳಿಗೆ ಇನ್ನೊಂದು ಆಸೆಯೂ ಇತ್ತು: ಓದುಗ ಬೇಕಾದದ್ದನ್ನು ಕಂಡು ಕೂಡಲೇ ಹೊರಟುಹೋಗಬಾರದು, ಸ್ವಲ್ಪ ಹೊತ್ತು ಅಲ್ಲೇ ಪುಟ ಉರುಳಿಸುತ್ತಿರಬೇಕು.

ಬಳಕೆದಾರರು ಮುನಿದಾಗ

ಇನ್ನು ಕೆಲವು ಘಟನೆಗಳನ್ನು ನೋಡೋಣ. ಅಮೆರಿಕದ ಡಿಗ್ ಎಂಬ ತಾಣ 2004ರಲ್ಲಿ ಆರಂಭವಾಯಿತು. ಓದುಗರೇ ಸುದ್ದಿಗಳನ್ನು ತಂದು ಹಾಕಿ, ತಾವೇ ಮತ ಕೊಟ್ಟು ಮೇಲೇರಿಸುವುದು, ಹಿಡಿಸದ್ದನ್ನು ಕೆಳಗಿಳಿಸುವುದು ಅದರ ಪದ್ಧತಿ. 2010ರ ಆಗಸ್ಟ್ 25ರಂದು ಅದು ಸಂಪೂರ್ಣ ಹೊಸ ರೂಪ ತಳೆಯಿತು. ಸುದ್ದಿಯನ್ನು ಕೆಳಗಿಳಿಸುವ ಗುಂಡಿ ಮಾಯವಾಗಿತ್ತು. ದೊಡ್ಡ ಪ್ರಕಾಶಕರು ತಮ್ಮ ಸುದ್ದಿಗಳನ್ನು ನೇರವಾಗಿ ಸುರಿಯಲು ದಾರಿಯಾಗಿತ್ತು. ಕುಪಿತರಾದ ಬಳಕೆದಾರರು ಡಿಗ್‌ನ ಮುಖಪುಟವನ್ನೇ ಅದರ ಪ್ರತಿಸ್ಪರ್ಧಿಯಾದ ರೆಡ್ಡಿಟ್‌ನ ಕೊಂಡಿಗಳಿಂದ ತುಂಬಿ ಪ್ರತಿಭಟಿಸಿದರು. ಬಹಳ ಮಂದಿ ಅಲ್ಲಿಗೇ ಹೊರಟುಹೋದರು. ಡಿಗ್ ಚೇತರಿಸಿಕೊಳ್ಳಲಿಲ್ಲ, 2012ರಲ್ಲಿ ಬಿಡಿಬಿಡಿಯಾಗಿ ಮಾರಾಟವಾಯಿತು.

ಅದೇ 2012ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 8 ಹೊರತಂದಿತು. ಇದು ಜಾಲತಾಣವಲ್ಲ, ಕಂಪ್ಯೂಟರನ್ನೇ ನಡೆಸುವ ತಂತ್ರಾಂಶ. ಆದರೂ ರೋಗ ಒಂದೇ. 1995ರಿಂದ ಪರದೆಯ ಎಡ ಮೂಲೆಯಲ್ಲಿ ಇದ್ದ ಸ್ಟಾರ್ಟ್ ಗುಂಡಿಯನ್ನು ತೆಗೆದು, ಪರದೆ ತುಂಬ ದೊಡ್ಡ ಬಣ್ಣದ ಚೌಕಗಳನ್ನು ಜೋಡಿಸಲಾಗಿತ್ತು. ಬೆರಳಿನಿಂದ ಮುಟ್ಟುವ ಪರದೆಗೆ ಅದು ಸರಿ. ಕಚೇರಿಯ ಮೇಜಿನ ಮುಂದೆ ಇಲಿ ಹಿಡಿದು ಕುಳಿತವನಿಗೆ ಕೈಯೇ ಕಳೆದುಹೋದಂತಾಯಿತು. 2013ರಲ್ಲಿ ಗುಂಡಿ ಮರಳಿತು. 2015ರ ವಿಂಡೋಸ್ 10ರಲ್ಲಿ ಅದರ ಹಿಂದಿನ ಪಟ್ಟಿಯೂ ಮರಳಿತು.

ಡಿಗ್‌ನ ಓದುಗರನ್ನು ಬರಮಾಡಿಕೊಂಡ ರೆಡ್ಡಿಟ್ ಕೂಡ 2018ರಲ್ಲಿ ಹೊಸ ರೂಪ ತೊಟ್ಟಿತು. ಒಂದು ನೋಟಕ್ಕೆ ಹತ್ತಾರು ಶೀರ್ಷಿಕೆ ಕಾಣುತ್ತಿದ್ದ ಕಡೆ ದೊಡ್ಡ ಚಿತ್ರಗಳ ಕೆಲವೇ ಚೀಟಿಗಳು ಕಂಡವು. ಆದರೆ ಅದು ಡಿಗ್‌ನ ತಪ್ಪನ್ನು ಮಾಡಲಿಲ್ಲ. ಹಳೆಯ ಪುಟವನ್ನು ಬೇರೊಂದು ವಿಳಾಸದಲ್ಲಿ ವರ್ಷಗಳ ಕಾಲ ಉಳಿಸಿಕೊಂಡಿತು. ಬೇಕಾದವರು ಹಳೆಯ ಬಾಗಿಲಿನಿಂದಲೇ ಒಳಹೋದರು.

ವಿಕಿಪೀಡಿಯದ್ದು ಇನ್ನೂ ಕುತೂಹಲಕರ ಪ್ರಕರಣ. 2001ರಲ್ಲಿ ಹುಟ್ಟಿದ ಈ ವಿಶ್ವಕೋಶದ ಇಂಗ್ಲಿಷ್ ಆವೃತ್ತಿ 2023ರ ಜನವರಿ 18ರಂದು ಹೊಸ ರೂಪಕ್ಕೆ ಬದಲಾಯಿತು. ಬರಹದ ಸಾಲುಗಳ ಅಗಲವನ್ನು ಮಿತಗೊಳಿಸಿದ್ದರಿಂದ ದೊಡ್ಡ ಪರದೆಗಳಲ್ಲಿ ಅಕ್ಕಪಕ್ಕ ಬಿಳಿಯ ಬಯಲು ಕಂಡಿತು. ಇದಕ್ಕೆ ಕಾರಣವಿಲ್ಲದಿಲ್ಲ. ಸಾಲು ತೀರ ಉದ್ದವಾದರೆ ಕಣ್ಣು ಮುಂದಿನ ಸಾಲಿನ ತುದಿಯನ್ನು ಹುಡುಕುವಾಗ ತಪ್ಪುತ್ತದೆ ಎಂಬುದು ಮುದ್ರಣಕಾರರಿಗೆ ಹಿಂದಿನಿಂದಲೂ ತಿಳಿದ ಮಾತು. ಪತ್ರಿಕೆಗಳು ಬರಹವನ್ನು ಕಾಲಮುಗಳಾಗಿ ಒಡೆಯುವುದು ಇದೇ ಕಾರಣಕ್ಕೆ. ಆದರೂ ಅನೇಕ ಓದುಗರು, ಸಂಪಾದಕರು ಆಕ್ಷೇಪಿಸಿದರು. ಸಾಲುಗಳನ್ನು ಮತ್ತೆ ಅಗಲಗೊಳಿಸುವ ಒಂದು ಗುಂಡಿ ಅವರಿಗೆ ದೊರೆಯಿತು. ಖಾತೆ ಇರುವವರು 2010ರ ರೂಪವನ್ನಾಗಲಿ, 2004ರ ರೂಪವನ್ನಾಗಲಿ ಆರಿಸಿಕೊಳ್ಳಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಇದೇ ತಂತ್ರಾಂಶದಿಂದ ನಡೆಯುವುದರಿಂದ ಅಲ್ಲಿ ಬರೆಯುವವರಿಗೂ ರೂಪವನ್ನು ಆರಿಸಿಕೊಳ್ಳುವ ಅವಕಾಶವಿದೆ.

ಕಣ್ಣು, ಕೈ ಮತ್ತು ನೆನಪು

ಈ ಮುನಿಸಿನ ಕಾರಣಗಳೇನು? ಮೊದಲನೆಯದು ಪರಿಚಯದಿಂದ ಹುಟ್ಟುವ ಒಲವು. ಮನೋವಿಜ್ಞಾನಿ ರಾಬರ್ಟ್ ಜಯಾನ್ಸ್ 1968ರಲ್ಲಿ ತಮ್ಮ ಪ್ರಯೋಗಗಳಲ್ಲಿ ಅರ್ಥವಿಲ್ಲದ ಪದಗಳನ್ನೂ ಚೀನೀ ಲಿಪಿಯಂತಹ ಗುರುತುಗಳನ್ನೂ ಜನರಿಗೆ ತೋರಿಸಿದರು. ಹೆಚ್ಚು ಸಲ ಕಂಡದ್ದನ್ನು ಜನ ಹೆಚ್ಚು ಮೆಚ್ಚಿದರು. ಹಳೆಯ ಪುಟದ ಮೇಲಿನ ಪ್ರೀತಿಯಲ್ಲಿ ಇದರ ಪಾಲು ಖಂಡಿತ ಇದೆ. ಇದೊಂದೇ ಕಾರಣವಾಗಿದ್ದರೆ ಸ್ವಲ್ಪ ಕಾಲ ಕಳೆದ ಮೇಲೆ ಹೊಸದೂ ಪರಿಚಿತವಾಗಿ ಎಲ್ಲರೂ ಸುಮ್ಮನಾಗಬೇಕಿತ್ತು. ಹಲವರು ಸುಮ್ಮನಾಗುವುದೂ ಉಂಟು. ಆದರೆ ವಿಂಡೋಸ್ 8ರ ಬಗೆಗಿನ ಅಸಮಾಧಾನ ತಾನಾಗಿ ಆರಲಿಲ್ಲ. ಕಂಪನಿಯೇ ಹೆಜ್ಜೆ ಹಿಂದಿಡಬೇಕಾಯಿತು.

ಎರಡನೆಯದು ಕಲಿಕೆಯ ಬಂಡವಾಳ. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆಯೆಂದು ಕೈಗೆ ಗೊತ್ತು, ಕತ್ತಲಲ್ಲೂ ತೆಗೆಯಬಹುದು. ಯಾರೋ ಬಂದು ಡಬ್ಬಿಗಳನ್ನು ಅಂದವಾಗಿ ಬೇರೆ ಬೇರೆ ಕಡೆ ಜೋಡಿಸಿಟ್ಟರೆ ಅಡುಗೆ ಕೂಡಲೇ ನಿಧಾನವಾಗುತ್ತದೆ. ಜಾಲಪುಟದಲ್ಲಿಯೂ ಹಾಗೆಯೇ. ಯಾವ ಕೊಂಡಿ ಯಾವ ಮೂಲೆಯಲ್ಲಿದೆ ಎಂಬುದನ್ನು ಕಣ್ಣೂ ಕೈಯೂ ವರ್ಷಗಳ ಬಳಕೆಯಿಂದ ಕಲಿತಿರುತ್ತವೆ. ಮರುವಿನ್ಯಾಸವು ಈ ಕಲಿಕೆಯನ್ನು ಒಂದೇ ರಾತ್ರಿಯಲ್ಲಿ ಅಳಿಸಿಬಿಡುತ್ತದೆ. ಮತ್ತೆ ಕಲಿಯುವ ಶ್ರಮ ಬಳಕೆದಾರನದು. ಬದಲಾಯಿಸುವ ತೀರ್ಮಾನ ಮಾತ್ರ ಬೇರೆಯವರದು. ಮುನಿಸಿನ ಮೂಲ ಬಹುಮಟ್ಟಿಗೆ ಇಲ್ಲಿದೆ ಎನ್ನಬಹುದು.

ಮೂರನೆಯದು ಹೋಲಿಕೆಯ ಅನುಕೂಲ. ಮನುಷ್ಯ ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಕೆಲವೇ. ಜಾರ್ಜ್ ಮಿಲ್ಲರ್ 1956ರ ತಮ್ಮ ಹೆಸರಾಂತ ಲೇಖನದಲ್ಲಿ ಇದನ್ನು ಏಳು, ಹೆಚ್ಚೆಂದರೆ ಎರಡು ಆಚೀಚೆ ಎಂದು ಲೆಕ್ಕ ಹಾಕಿದ್ದರು. ಇಪ್ಪತ್ತು ರೈಲುಗಳ ಸಮಯ ಒಂದೇ ಪುಟದಲ್ಲಿದ್ದರೆ ಕಣ್ಣು ಅತ್ತಿತ್ತ ಓಡಿ ಹೋಲಿಸಿಕೊಳ್ಳುತ್ತದೆ. ಅದೇ ಇಪ್ಪತ್ತು, ನಾಲ್ಕು ನಾಲ್ಕರಂತೆ ಐದು ಪರದೆಗಳಿಗೆ ಹರಡಿದರೆ ಪುಟ ಮಾಡುತ್ತಿದ್ದ ಕೆಲಸವನ್ನು ನೆನಪು ಮಾಡಬೇಕಾಗುತ್ತದೆ. ಅಮೆರಿಕದ ಎಡ್ವರ್ಡ್ ಟಫ್ಟಿ 1983ರಲ್ಲಿ ಪ್ರಕಟಿಸಿದ ಅಂಕಿಅಂಶಗಳ ಚಿತ್ರಣವನ್ನು ಕುರಿತ ಗ್ರಂಥದಲ್ಲಿ, ಸರಿಯಾಗಿ ಜೋಡಿಸಿದ್ದಾದರೆ ಸಣ್ಣ ಜಾಗದಲ್ಲಿಯೂ ಬಹಳಷ್ಟನ್ನು ಕಣ್ಣು ಬಿಡಿಸಿ ನೋಡಬಲ್ಲದು ಎಂದು ವಾದಿಸಿದರು. ಷೇರು ಮತ್ತು ಹಣಕಾಸು ವ್ಯವಹಾರದವರು 1980ರ ದಶಕದಿಂದ ಬಳಸುತ್ತ ಬಂದಿರುವ ಬ್ಲೂಮ್‌ಬರ್ಗ್ ಟರ್ಮಿನಲ್ ಇದಕ್ಕೆ ಸಾಕ್ಷಿ. ಕಪ್ಪು ಹಿನ್ನೆಲೆಯ ಮೇಲೆ ಕಿತ್ತಳೆ ಬಣ್ಣದ ಅಂಕಿಗಳು ಕಿಕ್ಕಿರಿದ ಆ ಪರದೆ ನಮಗೆ ಗೊಂದಲವೆನಿಸುತ್ತದೆ. ಪಳಗಿದವರಿಗೆ ಅದೇ ಅನುಕೂಲ.

ಇಲ್ಲಿ ಓದುವುದು ಮತ್ತು ಹುಡುಕುವುದು ಎಂಬ ಎರಡು ಕೆಲಸಗಳನ್ನು ಬೇರ್ಪಡಿಸಿ ನೋಡಬೇಕು. ಕಾದಂಬರಿ ಓದುವವನಿಗೆ ಸುತ್ತಲಿನ ಖಾಲಿ ಜಾಗ ಹಿತ. ನಿಘಂಟು ನೋಡುವವನಿಗೆ ಒಂದು ಪುಟದಲ್ಲಿ ಹೆಚ್ಚು ಪದಗಳಿರುವುದೇ ಹಿತ. ವಿಕಿಪೀಡಿಯದ ಜಗಳ ತೀರದೇ ಹೋದದ್ದು ಅದನ್ನು ಕೆಲವರು ಪುಸ್ತಕದಂತೆ ಓದುವುದರಿಂದ, ಮತ್ತೆ ಕೆಲವರು ನಿಘಂಟಿನಂತೆ ತಡಕುವುದರಿಂದ.

ಹಳೆಯದೆಲ್ಲ ಒಳ್ಳೆಯದೆ?

ಹಾಗೆಂದು ಹಳೆಯ ಪುಟಗಳೆಲ್ಲ ಗುಣದ ಗಣಿಗಳೆಂದು ತಿಳಿಯುವುದು ತಪ್ಪು. ಮಿಣುಕುವ ಅಕ್ಷರಗಳು, ಕಣ್ಣು ಕುಕ್ಕುವ ಹಿನ್ನೆಲೆಗಳು, ಎಲ್ಲಿಗೂ ಹೋಗದ ಕೊಂಡಿಗಳು 1990ರ ದಶಕದ ಜಾಲದಲ್ಲಿ ಹೇರಳವಾಗಿದ್ದವು. ಅಂಥ ಪುಟಗಳು ಮರೆಯಾಗಿವೆ. ಉಳಿದು ಬಂದ ಒಳ್ಳೆಯ ಕೆಲವನ್ನು ಮಾತ್ರ ನಾವು ಇಂದು ಕಾಣುತ್ತೇವೆ. ಹಳೆಯ ಕಾಲದ ಮನೆಗಳೆಲ್ಲ ಗಟ್ಟಿಯಾಗಿದ್ದವು ಎಂಬ ಭ್ರಮೆ ಹುಟ್ಟುವುದು ಹೀಗೆಯೇ. ಬಿದ್ದ ಮನೆಗಳು ಲೆಕ್ಕಕ್ಕೆ ಸಿಗುವುದಿಲ್ಲ.

ಇನ್ನೊಂದು ಮುಖವೂ ಉಂಟು. ಸಣ್ಣ ಅಕ್ಷರಗಳ ದಟ್ಟ ಪುಟ ದೃಷ್ಟಿ ಮಂದವಾದವರಿಗೆ ಕಷ್ಟ. ಕೈ ನಡುಗುವವರಿಗೆ ಒತ್ತೊತ್ತಾದ ಕೊಂಡಿಗಳು ಕಷ್ಟ. ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ನಂಬಿದ ಅಂಧರಿಗೆ, ಕೋಷ್ಟಕಗಳಲ್ಲಿ ಅಡ್ಡಾದಿಡ್ಡಿ ಜೋಡಿಸಿದ ಹಳೆಯ ಪುಟಗಳು ಗೋಜಲಾಗುತ್ತಿದ್ದವು. 1999ರಲ್ಲಿ ವಿಶ್ವವ್ಯಾಪಿ ಜಾಲ ಒಕ್ಕೂಟವು ಎಲ್ಲರಿಗೂ ಎಟುಕುವಂತೆ ಪುಟಗಳನ್ನು ರಚಿಸುವ ಮಾರ್ಗಸೂಚಿಯನ್ನು ಪ್ರಕಟಿಸಿದ್ದು ಇದಕ್ಕಾಗಿಯೇ. ಮೊದಲ ಬಾರಿಗೆ ಫೋನಿನಲ್ಲಿ ಜಾಲವನ್ನು ಕಂಡ ಕೋಟ್ಯಂತರ ಜನರಿಗೆ ದೊಡ್ಡ ಗುಂಡಿಗಳ ಸರಳ ಪುಟ ನಿಜವಾದ ಉಪಕಾರ ಮಾಡಿದೆ. ಪಳಗಿದವರ ಅನುಕೂಲವೊಂದನ್ನೇ ನೋಡಿದರೆ ಹೊಸಬರಿಗೆ ಬಾಗಿಲು ಮುಚ್ಚಿದಂತಾಗುತ್ತದೆ.

ಹಾಗಾದರೆ ನ್ಯಾಯದ ದಾರಿ ಯಾವುದು? ಡಿಗ್ ಹಳೆಯದನ್ನು ಕೆಡವಿ ಹೊಸದನ್ನು ಹೇರಿತು, ಬಳಕೆದಾರರನ್ನು ಕಳೆದುಕೊಂಡಿತು. ವಿಕಿಪೀಡಿಯ ಹೊಸದನ್ನು ತಂದರೂ ಹಳೆಯದಕ್ಕೆ ಎಡೆ ಇಟ್ಟಿತು. ಅಸಮಾಧಾನಗೊಂಡವರೂ ಅಲ್ಲಿಯೇ ಉಳಿಯಲು ದಾರಿಯಾಯಿತು. ಪುಟ ತುಂಬಿರಬೇಕೆ, ಖಾಲಿ ಇರಬೇಕೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬಳಸುವವನ ಕಲಿಕೆಗೆ ಬೆಲೆ ಉಂಟು, ಅವನನ್ನು ಕೇಳದೆ ಅದನ್ನು ಕಿತ್ತುಕೊಳ್ಳಬಾರದು ಎಂಬುದು ಮಾತ್ರ ಈ ಇತಿಹಾಸದಿಂದ ಸ್ಪಷ್ಟವಾಗುತ್ತದೆ. ಪರೀಕ್ಷಾ ಫಲಿತಾಂಶ, ಕಾಲೇಜು ಪ್ರವೇಶದ ಕೊನೆಯ ದಿನಾಂಕ, ಪಹಣಿ, ರೈಲಿನ ಸಮಯಗಳೆಲ್ಲ ಪರದೆಗೆ ಬಂದಿರುವಾಗ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಅಂಥ ಪುಟದಲ್ಲಿ ಒಂದು ಸಾಲು ಕಣ್ಣಿಗೆ ಬೀಳದೆ ಹೋದರೆ ಒಬ್ಬ ವಿದ್ಯಾರ್ಥಿಯ ಒಂದು ವರ್ಷವೇ ಹೋಗಬಹುದು.

ವಿದ್ಯಾರ್ಥಿ ಮಿತ್ರರು ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ನೀವು ಆಗಾಗ ಬಳಸುವ ಯಾವುದಾದರೂ ಎರಡು ಜಾಲಪುಟಗಳನ್ನು ತೆರೆಯಿರಿ. ಪುಟ ಉರುಳಿಸದೆ ಎಷ್ಟು ಸಂಗತಿಗಳು ಕಾಣುತ್ತವೆ, ಬೇಕಾದ ಒಂದು ವಿಷಯ ಸಿಗಲು ಎಷ್ಟು ಸಲ ಒತ್ತಬೇಕಾಯಿತು, ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆದಿಟ್ಟುಕೊಳ್ಳಿ. ಅದೇ ಕೆಲಸವನ್ನು ಮನೆಯ ಹಿರಿಯರಿಂದಲೂ, ತಮ್ಮ ತಂಗಿಯರಿಂದಲೂ ಮಾಡಿಸಿ ನೋಡಿ. ಮೂವರ ಲೆಕ್ಕವೂ ಒಂದೇ ಆಗಿರುವ ಸಂಭವ ಕಡಿಮೆ. ಮುಂದೊಂದು ದಿನ ನಿಮ್ಮಲ್ಲಿ ಕೆಲವರು ಇಂಥ ಪುಟಗಳನ್ನು ರಚಿಸುವ ಕೆಲಸಕ್ಕೇ ಹೋಗುವಿರಿ. ಆಗ ಈ ಮೂರು ಲೆಕ್ಕಗಳು ನಿಮ್ಮ ನೆನಪಿನಲ್ಲಿರಲಿ.